ಗೊರಕೆದಾನ

ಬ್ಯಾಂಕಿನಿಂದ ನಿವೃತ್ತನಾದ ಮೂರನೇ ವಾರ ಅಡುಗೆಮನೆಯ ಆಡಿಟ್‌ಗೆ ಇಳಿದೆ. ಒಗ್ಗರಣೆಗೆ ಸಾಸಿವೆ ಅರ್ಧ ಚಮಚ ಹೆಚ್ಚು ಖರ್ಚಾಗಿದೆ ಎಂದು ಷರಾ ಹೇಳಿದ ದಿನ ನನ್ನಾಕೆ ಸೌಟು ಕೆಳಗಿಟ್ಟು, "ರೀ, ಸಮಾಜ ನಿಮಗೋಸ್ಕರ ಕಾಯ್ತಾ ಇದೆ. ಹೋಗಿ, ಏನಾದ್ರೂ ಸೇವೆ ಮಾಡಿ" ಅಂದಳು. ಅರವತ್ತು ದಾಟಿದವರು ಸಮಾಜಸೇವೆಗೆ ಯಾಕೆ ಬರ್ತಾರೆ ಅಂತ ಕೇಳಿದವರಿಗೆ ನಾನು ಸಾಸಿವೆ ಡಬ್ಬಿ ತೋರಿಸುತ್ತೇನೆ.

ದೃಷ್ಟಿಯಿಲ್ಲದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವ ಸ್ಕ್ರೈಬ್ ಬೇಕೆಂದು ತಿಳಿದು, ಇಸ್ತ್ರಿ ಶರ್ಟಿನ ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಹೋದೆ.

"ಎಷ್ಟು ಓದಿದ್ದೀರ ಅಂಕಲ್?"

"ಎಂ.ಕಾಂ.," ಎಂದು ಎದೆಯುಬ್ಬಿಸಿದೆ.

"ಅಯ್ಯೋ, ಹಾಗಾದ್ರೆ ಆಗಲ್ಲ. ವಿದ್ಯಾರ್ಥಿ ತಾನೇ ಕರ್ಕೊಂಡು ಬರೋ ಸ್ಕ್ರೈಬ್ ಅವನಿಗಿಂತ ಒಂದು ಹಂತ ಕಡಿಮೆ ಓದಿರಬೇಕು. 2018ರ ಕೇಂದ್ರದ ಮಾರ್ಗಸೂಚಿ." ಆಗಿನ್ನೂ ಅದೇ ಜಾರಿಯಲ್ಲಿತ್ತು.

ಓದು ಜಾಸ್ತಿಯಾಯಿತೆಂದು ನನ್ನನ್ನು ಬೇಡ ಅಂದದ್ದು ಅದೇ ಮೊದಲು. ನಮ್ಮಪ್ಪ ಬದುಕಿದ್ದರೂ ನಂಬುತ್ತಿರಲಿಲ್ಲ.

ನನ್ನ ಮುಖ ನೋಡಿ ಕನಿಕರ ಬಂತೇನೋ, ಪಾಠ ಓದಿ ರೆಕಾರ್ಡ್ ಮಾಡುವ ಕೆಲಸ ಕೊಟ್ಟರು. ಅದೇನು ಸುಲಭವಲ್ಲ. ಪುಟಸಂಖ್ಯೆ ಹೇಳಬೇಕು, ನಕ್ಷೆ ಬಂದರೆ ಮಾತಿನಲ್ಲೇ ಬಿಡಿಸಬೇಕು, ಹಾಳೆ ಮಗುಚುವ ಸದ್ದು ಕೇಳಬಾರದು, ಫ್ಯಾನ್ ಹಾಕುವಂತಿಲ್ಲ. ನಾನು ಕೂತದ್ದೋ, ಹುಳಿಯನ್ನ ಉಂಡ ಮಧ್ಯಾಹ್ನ. ಪಿಯುಸಿ ಇತಿಹಾಸ. 1327ರಲ್ಲಿ ತುಘಲಕ್ ರಾಜಧಾನಿಯನ್ನು ಎತ್ತಿಕೊಂಡು ದೆಹಲಿಯಿಂದ ದೌಲತಾಬಾದಿಗೆ ಹೊರಟ. ಹಿಂದೆಯೇ ಹೊರಟ ನಾನು ದಾರಿಯಲ್ಲಿ ಮಲಗಿಬಿಟ್ಟೆ.

ವಾರದ ಮೇಲೆ ಒಬ್ಬ ಹುಡುಗನ ಫೋನು: "ಸರ್, ತುಘಲಕ್ ಆದ್ಮೇಲೆ 11 ನಿಮಿಷ ಏನೋ ಬರುತ್ತಲ್ಲ, ಅದು ಪರೀಕ್ಷೆಗೆ ಇದೆಯಾ?"

ಬಿಡುಗಡೆಗೆ ಮುನ್ನ ಕೇಳಿ ತಿದ್ದುವವರೊಬ್ಬರಿದ್ದರು. ಅವರೂ ನಿವೃತ್ತರೇ. ಸರಿಯಾಗಿ ಅದೇ ಜಾಗದಲ್ಲಿ ಅವರಿಗೂ ಜೊಂಪು ಹತ್ತಿತಂತೆ.

ಕ್ಷಮೆ ಕೇಳಿದೆ. ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕು, "ಮುಂದಿನ ಪಾಠಾನೂ ನೀವೇ ಓದಿ ಸರ್" ಅಂದ. ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನಲ್ಲಿ ಸುತ್ತೋಲೆ ಓದಿದ್ದೇನೆ. ಮುಂದಿನದು ಯಾವಾಗ ಎಂದು ಒಬ್ಬನೂ ಕೇಳಿರಲಿಲ್ಲ. ಅಂದು ಸಂಜೆ ಎರಡು ಸಲ ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಿದೆ.

ಈಗ ಬೆಳಗ್ಗೆಯೇ, ಬರೀ ಕಾಫಿ ಕುಡಿದು ಹೋಗುತ್ತೇನೆ. ಸಾಸಿವೆಯ ಲೆಕ್ಕ ಬಿಟ್ಟು ತಿಂಗಳುಗಳೇ ಆದವು. ಆ 11 ನಿಮಿಷವನ್ನು ಕಡತದಿಂದ ಕತ್ತರಿಸಿದ್ದಾರೆ. ಆದರೆ ಕತ್ತರಿಸಿದ ತುಂಡು ನನ್ನಾಕೆಯ ಫೋನಿನಲ್ಲಿದೆ. ನಾನು ಗೊರಕೆ ಹೊಡೆಯುವುದಿಲ್ಲವೆಂದು ಮದುವೆಯಾದಾಗಿನಿಂದ ವಾದಿಸುತ್ತ ಬಂದಿದ್ದೆ.