ಕ್ಯಾಮೆರಾ ಆನ್ ಇರಲಿ, ಸಚಿವರೇ

ಬ್ರಿಟನ್ನಿನಲ್ಲಿ ಕಾರು ಜೋರಾಗಿ ಓಡಿಸಿ ಸಿಕ್ಕಿಬಿದ್ದವರನ್ನು ಕ್ಲಾಸಿಗೆ ಕೂರಿಸುತ್ತಾರೆ. ಅದರ ಹೆಸರು ಸ್ಪೀಡ್ ಅವೇರ್‌ನೆಸ್ ಕೋರ್ಸ್. ಗಂಟೆಗೆ 30 ಮೈಲಿ ಮಿತಿ ಇರುವ ರಸ್ತೆಯಲ್ಲಿ 35ರಿಂದ 42ರ ಒಳಗೆ ಓಡಿಸಿದವರಿಗೆ ಸಾಮಾನ್ಯವಾಗಿ ಈ ಭಾಗ್ಯ. 43 ಮುಟ್ಟಿದರೆ ಕ್ಲಾಸಿಲ್ಲ. ಕನಿಷ್ಠ 100 ಪೌಂಡ್ ದಂಡ, ಜೊತೆಗೆ ಲೈಸೆನ್ಸಿನ ಮೇಲೆ 3 ಪಾಯಿಂಟ್. ಪಾಯಿಂಟ್ ಬಿದ್ದರೆ ವಿಮೆಯ ಕಂತು ಏರುತ್ತದೆ, ಮೂರು ವರ್ಷದಲ್ಲಿ 12 ಕೂಡಿದರೆ ಲೈಸೆನ್ಸಿಗೇ ಸಂಚಕಾರ. ಹಾಗಾಗಿ ಹೆಚ್ಚಿನವರು ಕ್ಲಾಸನ್ನೇ ಆರಿಸಿಕೊಳ್ಳುತ್ತಾರೆ. ಶುಲ್ಕವೂ ಹೆಚ್ಚುಕಡಿಮೆ ದಂಡದಷ್ಟೇ. ಮೂರು ವರ್ಷಕ್ಕೊಮ್ಮೆ ಮಾತ್ರ ಈ ಸೌಲಭ್ಯ. ತಪ್ಪು ಮಾಡುವುದಕ್ಕೂ ಆ ದೇಶದಲ್ಲಿ ಒಂದು ವೇಳಾಪಟ್ಟಿ ಇದೆ.

ಈ ಕ್ಲಾಸಿನಲ್ಲಿ ಪರೀಕ್ಷೆ ಇಲ್ಲ, ಫೇಲಾಗುವ ಭಯವೂ ಇಲ್ಲ. ಹಾಗಂತ ಹಿಂದಿನ ಬೆಂಚಿನಲ್ಲಿ ತೂಕಡಿಸುವಂತೆಯೂ ಇಲ್ಲ. ಕೋವಿಡ್ ಬಂದಮೇಲೆ ಪಾಠ ಬಹುತೇಕ ಆನ್‌ಲೈನ್ ಆಗಿದೆ. ಗುರುತಿನ ಚೀಟಿ ತೋರಿಸಬೇಕು. ಕೋಣೆಯಲ್ಲಿ ಒಬ್ಬರೇ ಕೂರಬೇಕು. ಕ್ಯಾಮೆರಾ ಆನ್ ಇರಬೇಕು. ತಡವಾಗಿ ಬಂದವರನ್ನು ಸೇರಿಸಿಕೊಳ್ಳುವುದಿಲ್ಲ. ಅವಸರ ಮಾಡಿದ್ದಕ್ಕೆ ಸಿಕ್ಕಿಬಿದ್ದವರು ಜೀವನದಲ್ಲಿ ಮೊದಲ ಸಲ ಹತ್ತು ನಿಮಿಷ ಮುಂಚೆಯೇ ಬಂದು ಕಾಯುತ್ತಾರೆ.

ಆಮೇಲೆ ಬೋಧಕರು ಕೇಳುತ್ತಾರೆ: ಬೀದಿದೀಪ ಇರುವ ರಸ್ತೆಯಲ್ಲಿ ಬೇರೆ ಬೋರ್ಡು ಇಲ್ಲದಿದ್ದರೆ ಮಿತಿ ಎಷ್ಟು? ಇಂಗ್ಲೆಂಡಿನಲ್ಲಿ ಉತ್ತರ 30. ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದವರೂ ಇಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಾರೆ. ಮುಂದಿನ ಲೆಕ್ಕ ಅವರ ಹೆದ್ದಾರಿ ಸಂಹಿತೆಯದು. ಅಡ್ಡ ಬಂದ ಮಗು ಕಣ್ಣಿಗೆ ಬಿದ್ದ ಕ್ಷಣದಿಂದ ಕಾರು ಪೂರ್ತಿ ನಿಲ್ಲಲು 30 ಮೈಲಿ ವೇಗದಲ್ಲಿ 23 ಮೀಟರ್ ಬೇಕು, 40ರಲ್ಲಿ 36 ಮೀಟರ್. ನಡುವೆ ಉಳಿಯುವ 13 ಮೀಟರಿನಲ್ಲಿ ಮಗು ಇರುತ್ತದೆ. ಇದಾದಮೇಲೆ ಕ್ಲಾಸಿನಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ.

ಇನ್ನೊಂದು ಲೆಕ್ಕ ನಾವೇ ಹಾಕಬಹುದು. ಹತ್ತು ಮೈಲಿ ದಾರಿಯನ್ನು 30ರ ಬದಲು 35ರಲ್ಲಿ ಹೋದರೆ ಉಳಿಯುವುದು ಮೂರು ನಿಮಿಷಕ್ಕೂ ಕಡಿಮೆ. ಅದಕ್ಕೆ ತೆರುವ ಬೆಲೆ ಕ್ಲಾಸಿನಲ್ಲಿ ಮೂರು ಗಂಟೆಯ ಹತ್ತಿರ ಹತ್ತಿರ. ಸಮಯ ಕದ್ದವನಿಂದ ಸಮಯವನ್ನೇ ವಸೂಲು ಮಾಡುವ ದಂಡ ಇದು. ದುಡ್ಡಿನ ದಂಡ ಬಡವನಿಗೆ ಬರೆ, ಸಾಹುಕಾರನಿಗೆ ಟಿಪ್ಸು. ಮೂರು ಗಂಟೆ ಮಾತ್ರ ಇಬ್ಬರಿಗೂ ಮೂರೇ ಗಂಟೆ. ಪ್ಲಂಬರ್, ಪ್ರೊಫೆಸರ್, ಪಿಜ್ಜಾ ಹಂಚುವ ಹುಡುಗ, ಬ್ಯಾಂಕಿನ ದೊಡ್ಡ ಸಾಹೇಬ ಎಲ್ಲರೂ ಒಂದೇ ಪರದೆಯ ಮೇಲೆ ಒಂದೇ ಅಳತೆಯ ಚೌಕದಲ್ಲಿ.

ದೊಡ್ಡವರಿಗೆ ಚುಚ್ಚುವುದು ಆ ಚೌಕ.

ಸುಯೆಲ್ಲಾ ಬ್ರಾವರ್ಮನ್ ಅವರ ಕಥೆ ಕೇಳಿ. 2022ರ ಬೇಸಿಗೆಯಲ್ಲಿ ಅವರು ವೇಗದ ಮಿತಿ ಮೀರಿ ಸಿಕ್ಕಿಬಿದ್ದರು. ಆಗ ಅವರು ಅಟಾರ್ನಿ ಜನರಲ್, ಅಂದರೆ ಇಡೀ ಸರ್ಕಾರಕ್ಕೆ ಕಾನೂನು ಹೇಳಿಕೊಡುವವರು. ಕೆಲವೇ ವಾರಗಳಲ್ಲಿ ಗೃಹ ಸಚಿವೆಯಾದರು, ಅಂದರೆ ಪೊಲೀಸ್ ಇಲಾಖೆಯೇ ಅವರ ಕೈಕೆಳಗೆ ಬಂತು. ಕ್ಲಾಸಿಗೆ ಕೂರುವುದಕ್ಕೆ ಅವರದೇನೂ ತಕರಾರಿರಲಿಲ್ಲ. ಬೇರೆಯವರ ಜೊತೆ ಕೂರುವುದಷ್ಟೇ ಕಷ್ಟ. ತಮಗೊಬ್ಬರಿಗೇ ಪ್ರತ್ಯೇಕ ಪಾಠ ಸಾಧ್ಯವೇ ಎಂದು ಅಧಿಕಾರಿಗಳನ್ನು ವಿಚಾರಿಸಿದರು. ಅದು ನಮ್ಮ ಕೆಲಸವಲ್ಲ ಎಂದು ಅಧಿಕಾರಿಗಳು ಕೈ ತೊಳೆದುಕೊಂಡರು. ಆಮೇಲೆ ಆಪ್ತ ಸಲಹೆಗಾರರ ಸರದಿ. ಕ್ಯಾಮೆರಾ ಆಫ್ ಇಡಬಹುದೇ, ಬೇರೆ ಹೆಸರಿನಲ್ಲಿ ಹಾಜರಾಗಬಹುದೇ ಎಂದೂ ವಿಚಾರಣೆ ನಡೆದಿತ್ತೆಂದು ಅಲ್ಲಿನ ಪತ್ರಿಕೆಗಳು ಬರೆದವು. ಯಾವುದೂ ಆಗಲಿಲ್ಲ. ಕೊನೆಗೆ ಸಚಿವೆ ಮೂರು ಪಾಯಿಂಟ್ ಹಾಕಿಸಿಕೊಂಡು ದಂಡ ಕಟ್ಟಿದರು. ಮೂರು ಗಂಟೆ ಜನಸಾಮಾನ್ಯರ ಜೊತೆ ಕೂರುವುದಕ್ಕಿಂತ ಲೈಸೆನ್ಸಿನ ಮೇಲೆ ಕಲೆ ಬೀಳುವುದೇ ವಾಸಿ ಎನಿಸಿತೇನೋ. ಭದ್ರತೆ, ಖಾಸಗಿತನ ಎಂಬ ವಿವರಣೆಯನ್ನೂ ಕೊಟ್ಟರು. ಮತ ಕೇಳಲು ಬೀದಿಬೀದಿ ಸುತ್ತುವಾಗ ಈ ಎರಡೂ ಎಲ್ಲಿರುತ್ತವೋ!

2023ರ ಮೇ ತಿಂಗಳಲ್ಲಿ ಸುದ್ದಿ ಹೊರಬಿದ್ದಾಗ ತೀರ್ಪು ಕೊಡಬೇಕಾದವರು ಪ್ರಧಾನಿ ರಿಷಿ ಸುನಕ್. ನಮ್ಮ ಬೆಂಗಳೂರಿನ ಅಳಿಯಂದಿರು, ನಾರಾಯಣಮೂರ್ತಿ-ಸುಧಾಮೂರ್ತಿ ದಂಪತಿಯ ಮಗಳ ಗಂಡ. ನಿಯಮ ಮುರಿದಿಲ್ಲ, ತನಿಖೆ ಬೇಕಿಲ್ಲ ಎಂದುಬಿಟ್ಟರು. ಅದೇ ವರ್ಷದ ಜನವರಿಯಲ್ಲಿ ಚಲಿಸುವ ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿಕೊಳ್ಳದೆ ತಮ್ಮ ಸರ್ಕಾರದ ಸಾಧನೆಯ ವಿಡಿಯೊ ಮಾಡಿ, ತಾವೇ ಊರಿಗೆಲ್ಲ ತೋರಿಸಿ, ಪೊಲೀಸರಿಂದ ದಂಡ ಹಾಕಿಸಿಕೊಂಡವರು ಅವರು. ಸಾಕ್ಷಿ, ಆರೋಪಿ, ಪ್ರಚಾರಕ ಎಲ್ಲ ಒಬ್ಬರೇ ಆದ ಮೊಕದ್ದಮೆ ಅದು. ಅಂಥವರು ಇನ್ನೊಬ್ಬರ ಆ್ಯಕ್ಸಿಲರೇಟರ್ ವಿಚಾರದಲ್ಲಿ ಕಠಿಣರಾಗುವುದು ಹೇಗೆ?

ನಾವು ನಕ್ಕರೆ ಮಾತ್ರ ಅಧಿಕಪ್ರಸಂಗ. ನಮ್ಮಲ್ಲಿ ಸಚಿವರು ಪ್ರತ್ಯೇಕ ಪಾಠ ಕೇಳುವ ಪ್ರಮೇಯವೇ ಬರುವುದಿಲ್ಲ, ಏಕೆಂದರೆ ಪಾಠವೇ ಇಲ್ಲ. ನಮ್ಮಲ್ಲಿರುವುದು ರಿಯಾಯಿತಿ. 2023ರ ಫೆಬ್ರುವರಿಯಲ್ಲಿ ಬಾಕಿ ಸಂಚಾರ ದಂಡಕ್ಕೆ ಶೇ 50 ಕಡಿತ ಎಂದು ಘೋಷಣೆಯಾಯಿತು. ಸೀರೆ ಅಂಗಡಿಯ ಆಷಾಢ ಸೇಲಿಗೆ ಬಿದ್ದಂತೆ ಜನ ಬಿದ್ದರು. ಸಂಚಾರ ಠಾಣೆಗಳ ಮುಂದೆ ಸಾಲು, ಮೊಬೈಲಿನಲ್ಲಿ ಸುತ್ತುವ ಚಕ್ರ, ಕೆಲವೇ ದಿನಗಳಲ್ಲಿ ನೂರು ಕೋಟಿ ಮೀರಿದ ವಸೂಲಿ. ಸಿಗ್ನಲ್‌ನಲ್ಲಿ ಮೂವತ್ತು ಸೆಕೆಂಡು ನಿಲ್ಲದವರು ದಂಡ ಕಟ್ಟಲು ತಾಸುಗಟ್ಟಲೆ ನಿಂತರು. ಆಫರ್ ಮತ್ತೆ ಬಂತು, 2025ರ ಆಗಸ್ಟ್‌ನಲ್ಲಿ ಮಗದೊಮ್ಮೆ ಬಂತು. ಇದರಿಂದ ನಾಗರಿಕ ಕಲಿತ ಪಾಠ ಒಂದೇ: ದಂಡವನ್ನು ತಕ್ಷಣ ಕಟ್ಟುವವನು ದಡ್ಡ. ಪೂರ್ತಿ ಹಣ ಕಟ್ಟಿದ ಪ್ರಾಮಾಣಿಕನಿಗೆ ಅರ್ಧ ವಾಪಸು ಕೊಡುವ ಯೋಜನೆ ಈವರೆಗೆ ಯಾವ ಸರ್ಕಾರಕ್ಕೂ ಹೊಳೆದಿಲ್ಲ.

ಯಥಾ ರಾಜಾ ತಥಾ ಪ್ರಜಾ. 2025ರ ಆ ಆಫರ್ ಅವಧಿಯಲ್ಲೇ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಸರ್ಕಾರಿ ಕಾರಿನ ಮೇಲೆ ಏಳು ಪ್ರಕರಣ ಬಾಕಿ ಇರುವುದು ಸುದ್ದಿಯಾಯಿತು. ಆರು ಸೀಟ್ ಬೆಲ್ಟಿನವು, ಒಂದು ಅತಿವೇಗದ್ದು. ದಂಡವನ್ನು ಕಟ್ಟಿದರು, ಅರ್ಧ ದರದಲ್ಲಿ. ಸರ್ಕಾರ ತಾನೇ ಹಾಕಿದ ದಂಡಕ್ಕೆ ತಾನೇ ರಿಯಾಯಿತಿ ಕೊಟ್ಟು ತಾನೇ ಕಟ್ಟಿಕೊಂಡಿತು. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೆಬ್ಬಾಳದ ಮೇಲ್ಸೇತುವೆ ಪರಿಶೀಲನೆಗೆ ಹತ್ತಿದ ಸ್ಕೂಟರಿನ ಮೇಲೆ ₹18,500 ದಂಡ ಬಾಕಿ ಇತ್ತು. ಸ್ಕೂಟರ್ ಅವರದಲ್ಲ, ನಿಜ. ಆದರೆ ಇಡೀ ಬೆಂಗಳೂರಿನಲ್ಲಿ ಹುಡುಕಿ ಹುಡುಕಿ ಅಂಥದ್ದನ್ನೇ ಹತ್ತುವುದಕ್ಕೂ ಯೋಗ ಬೇಕು.

ಕಾನೂನಿನಲ್ಲಿ ಪಾಠ ಇಲ್ಲವೆಂದಲ್ಲ. ಲೈಸೆನ್ಸ್ ಅನರ್ಹಗೊಂಡವರು ಚಾಲಕರ ಪುನಶ್ಚೇತನ ತರಬೇತಿ ಮುಗಿಸಿದರೆ ಮಾತ್ರ ಅದನ್ನು ವಾಪಸು ಕೊಡಬೇಕೆಂದು 2019ರ ಮೋಟಾರು ವಾಹನ ತಿದ್ದುಪಡಿಯಲ್ಲೇ ಬರೆದಿದೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 130 ಕಿ.ಮೀ. ದಾಟಿದರೆ ಎಫ್‌ಐಆರ್ ಎಂದು 2024ರಿಂದ ಹೆದರಿಕೆಯೂ ಇದೆ. ಅಲ್ಲಿ ಕ್ಯಾಮೆರಾ ಕಂಬ ಬಂದಾಗ ಕಾರುಗಳು ಒಮ್ಮೆಲೇ ಸಂಭಾವಿತವಾಗುತ್ತವೆ, ಕಂಬ ದಾಟಿದೊಡನೆ ಮತ್ತೆ ತಮ್ಮ ಜಾತಿ ತೋರಿಸುತ್ತವೆ.

ಬ್ರಿಟನ್ನಿನ ಮಾದರಿಯನ್ನು ನಾಳೆಯೇ ಇಲ್ಲಿ ತಂದರೆ ಏನಾಗುತ್ತದೆಂದು ಊಹಿಸಲು ಜ್ಯೋತಿಷಿ ಬೇಕಿಲ್ಲ. ಆರ್‌ಟಿಒ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಂಜೆಯೊಳಗೆ ಬೋರ್ಡು ಬೀಳುತ್ತದೆ. "ಸಾರ್, ನೀವು ಬರೋದೇ ಬೇಡ. ಆಧಾರ್ ಕಾಪಿ, ಎರಡು ಫೋಟೊ ಕೊಟ್ಟೋಗಿ. ನಮ್ ಹುಡುಗ ಕೂತ್ಕೋತಾನೆ." ಆ ಹುಡುಗ ದಿನಕ್ಕೆ ಮೂರು ಬ್ಯಾಚಿನಲ್ಲಿ ಊರವರ ಅತಿವೇಗಕ್ಕೆಲ್ಲ ಪಶ್ಚಾತ್ತಾಪ ಪಡುತ್ತಾನೆ. ಇಡೀ ರಾಜ್ಯದಲ್ಲಿ ರಸ್ತೆ ನಿಯಮ ಬಾಯಿಪಾಠ ಬರುವುದು ಅವನೊಬ್ಬನಿಗೇ, ಅವನ ಹತ್ತಿರ ಗಾಡಿ ಇರುವುದಿಲ್ಲ.

ಆದರೂ ಈ ಯೋಜನೆ ಬರುವುದಿಲ್ಲ, ಧೈರ್ಯವಾಗಿರಿ. ದುಡ್ಡಿನ ದಂಡವನ್ನು ಹೆಚ್ಚಿಸಬಹುದು, ಇಳಿಸಬಹುದು, ಬಾಕಿ ಇಡಬಹುದು, ಚುನಾವಣೆಯ ಮುಂಚೆ ಕಡಿತ ಮಾಡಬಹುದು. ಮೂರು ಗಂಟೆಯ ದಂಡದಲ್ಲಿ ಇಂಥ ಅನುಕೂಲಗಳಿಲ್ಲ. ಅದಕ್ಕೆ ಶೇ 50 ರಿಯಾಯಿತಿ ಕೊಟ್ಟರೂ ಒಂದೂವರೆ ಗಂಟೆ ಕೂರಲೇಬೇಕು. ಅಷ್ಟು ಹೊತ್ತು ಒಂದು ಕಡೆ ಕೂರುವ ಪುರಸೊತ್ತು ಇದ್ದಿದ್ದರೆ ನಾವು ಅಷ್ಟು ಜೋರಾಗಿ ಯಾಕೆ ಓಡಿಸುತ್ತಿದ್ದೆವು?