ಕೈಯಿಲ್ಲದ ಬೀಗ

ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವುದು ನಮ್ಮ ವಂಶದ ಕಾಯಿಲೆ. ಊರಿಗೆ ಹೊರಟಾಗ ಅಪ್ಪ ಬಾಗಿಲಿನ ಅಲಿಗಢದ ಬೀಗಕ್ಕೆ ಜೋತುಬೀಳುತ್ತಿದ್ದರು. ಉತ್ಪ್ರೇಕ್ಷೆಯಲ್ಲ, ಹಿಮ್ಮಡಿಗಳು ನೆಲ ಬಿಟ್ಟು ಮೇಲೇಳುತ್ತಿದ್ದವು. ಬಸ್‌ಸ್ಟಾಂಡಿನ ಅರ್ಧ ದಾರಿಯಿಂದ ವಾಪಸು ಬಂದು ಇನ್ನೊಮ್ಮೆ ಜೋತುಬಿದ್ದದ್ದೂ ಉಂಟು. ಬೀಗಕ್ಕೇನೂ ಆಗಲಿಲ್ಲ, ಚಿಲಕದ ಮೊಳೆಗಳು ಸಡಿಲಾದವು. ಕಳ್ಳ ಬಂದಿದ್ದರೆ, ಮುಕ್ಕಾಲು ಕೆಲಸ ಆಗಲೇ ಮುಗಿದಿರುವುದನ್ನು ನೋಡಿ ಕೈ ಮುಗಿಯುತ್ತಿದ್ದ.

ಇಂಥವರ ಮಗ ಕೀಲೆಸ್ ಕಾರು ಕೊಳ್ಳಬಾರದಿತ್ತು.

"ಕೀ ಜೇಬಲ್ಲೇ ಇರ್ಲಿ ಸಾರ್, ನೀವು ಹತ್ರ ಬಂದ್ರೆ ಕಾರಿಗೇ ಗೊತ್ತಾಗುತ್ತೆ" ಅಂದಿದ್ದ ಷೋರೂಮಿನ ಹುಡುಗ. ಅವನು ಹೇಳಿದ್ದು ಅಕ್ಷರಶಃ ನಿಜ, ತೊಂದರೆ ಇರುವುದೂ ಅಲ್ಲೇ. ಇಳಿದು ಗುಂಡಿ ಒತ್ತಿದೆ, 'ಕುಯ್ಕ್' ಅಂತು. ನಾಲ್ಕು ಹೆಜ್ಜೆ ಹೋದೆ. ಅದು ನನ್ನ ಕಾರಿನ ಕುಯ್ಕೋ ಪಕ್ಕದ ಕಾರಿನದೋ ಎಂಬ ಅನುಮಾನ ಬಂತು. ವಾಪಸು ಬಂದು ಹಿಡಿ ಜಗ್ಗಿದೆ. ಹಿಡಿಯ ಒಳಗಡೆ ಬೆರಳು ತಾಗಿದ್ದೇ ತಡ, ಯಜಮಾನರು ಬಂದರೆಂದು ಬಾಗಿಲು ತೆರೆದುಕೊಂಡಿತು. ಈಗ ತೆರೆಯಿತೋ, ಮೊದಲೇ ತೆರೆದಿತ್ತೋ? ಮತ್ತೆ ಕುಯ್ಕ್, ಮತ್ತೆ ಹೆಜ್ಜೆ, ಮತ್ತೆ ಅನುಮಾನ. ಈ ಬೀಗ ಬಿದ್ದಿದೆಯೋ ಇಲ್ಲವೋ ಎಂದು ಜಗ್ಗಿ ನೋಡಿ ಹೇಳಬಲ್ಲವನು ಕೀ ಇಲ್ಲದವನು ಮಾತ್ರ, ಅಂದರೆ ಕಳ್ಳ.

ಸರಿ, ನಾನೇ ಕಳ್ಳನಾದೆ. ಗಾಂಧಿ ಬಜಾರಿನಲ್ಲಿ ಕೀಯನ್ನು ಹೆಂಡತಿಯ ಕೈಗೆ ಕೊಟ್ಟು, ಅವಳನ್ನು ಇಪ್ಪತ್ತು ಹೆಜ್ಜೆ ಆಚೆ ಎಳನೀರಿನ ಗಾಡಿಯ ಹತ್ತಿರ ನಿಲ್ಲಿಸಿ, ನಾಲ್ಕೂ ಬಾಗಿಲು ಜಗ್ಗಿದೆ. ಎಳನೀರಿನವನು ಮಚ್ಚನ್ನು ಕೆಳಗಿಡದೆಯೇ "ಯಾರಪ್ಪಾ ಅದು, ಯಾರ್ ಗಾಡಿ?" ಅಂದ. ಹೆಂಡತಿ ಒಂದು ಗುಟುಕು ಎಳನೀರು ಕುಡಿದು, ಆಮೇಲೆ "ನಮ್ಮೋರೇ" ಅಂದಳು. ಆ ಒಂದು ಗುಟುಕಿನ ಹೊತ್ತು ನನಗೆ ಇನ್ನೂ ಮರೆತಿಲ್ಲ.

ಕನ್ನಡದಲ್ಲಿ ಕೀಗೆ ಬೀಗದ ಕೈ ಅನ್ನುತ್ತೇವೆ. ಬೀಗಕ್ಕೊಂದು ಕೈ ಇತ್ತು, ಅದು ನಮ್ಮ ಕೈಯಲ್ಲಿತ್ತು. ಈಗಿನ ಬೀಗಕ್ಕೆ ಕೈಯಿಲ್ಲ, ಬಾಯಿ ಕಿವಿ ಮಾತ್ರ. ಇದನ್ನು ನನಗೆ ಬಿಡಿಸಿ ಹೇಳಿದವನು ಎಲೆಕ್ಟ್ರಾನಿಕ್ಸ್ ಓದುವ ನನ್ನ ಅಕ್ಕನ ಮಗ. ಕಾರು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ "ಯಾರದು?" ಎಂದು ಪಿಸುಗುಟ್ಟುತ್ತದೆ. ಆ ಪಿಸುಮಾತು ಒಂದೆರಡು ಮೀಟರ್ ದಾಟುವುದಿಲ್ಲ. ಕೀಗೆ ಅದು ಕೇಳಿಸಿದರೆ 433 ಮೆಗಾಹರ್ಟ್ಸ್‌ನಲ್ಲಿ "ನಾನೇ ಕಣೇ" ಎಂದು ಗುಟ್ಟಿನ ಸಂಕೇತದಲ್ಲಿ ಉತ್ತರಿಸುತ್ತದೆ. ಗುಟ್ಟನ್ನು ಒಡೆಯುವುದು ಕಷ್ಟ. ಹಾಗಾಗಿ ಕಳ್ಳರು ಒಡೆಯುವುದೇ ಇಲ್ಲ. ಒಬ್ಬ ಕಾರಿನ ಪಕ್ಕ, ಇನ್ನೊಬ್ಬ ಕೀ ನೇತುಹಾಕಿದ ಗೋಡೆಯ ಆಚೆ ನಿಂತು, ಕಾರಿನ ಪಿಸುಮಾತನ್ನು ಕೀವರೆಗೆ ದಾಟಿಸುತ್ತಾರೆ. ಮದುವೆ ದಲ್ಲಾಳಿಗಳ ಹಾಗೆ. ಕೀ ಹತ್ತಿರವೇ ಇದೆಯೆಂದು ಕಾರು ನಂಬಿಬಿಡುತ್ತದೆ. 2011ರಲ್ಲೇ ಜೂರಿಕ್‌ನ ಇಟಿಎಚ್ ಸಂಶೋಧಕರು ಎಂಟು ಕಂಪನಿಗಳ ಹತ್ತು ಮಾದರಿಯ ಕಾರುಗಳ ಮೇಲೆ ಇದನ್ನು ಪ್ರಯೋಗಿಸಿದ್ದರು. ಹತ್ತಕ್ಕೆ ಹತ್ತೂ ತೆರೆದುಕೊಂಡವು. ಈಚಿನ ಕೆಲವು ಕೀಗಳು ಅಲುಗಾಡದೆ ಬಿದ್ದಿದ್ದರೆ ಸ್ವಲ್ಪ ಹೊತ್ತಿಗೆ ನಿದ್ದೆ ಹೋಗುತ್ತವೆ. ನನ್ನದು ನನ್ನ ಹಾಗೇ ನಿದ್ದೆಗೆಟ್ಟದ್ದು.

ಈ ಕಥೆ ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಕೇಳಿದ್ದೇವೆ, ಎಲ್ಲರೂ! ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿತ್ತಲ್ಲ, ಅದೇ. ರಾತ್ರಿ ದೆವ್ವ ಬಂದು ನಮ್ಮ ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಓಗೊಟ್ಟು ಬಾಗಿಲು ತೆರೆದವರು ಸತ್ತರು. ಜೂರಿಕ್‌ನವರಿಗಿಂತ ಮೊದಲೇ ನಮ್ಮ ದೆವ್ವಕ್ಕೆ ಈ ವಿದ್ಯೆ ಗೊತ್ತಿತ್ತು. ಆದರೆ ನಮ್ಮದು ಅಕ್ಷರಸ್ಥ ದೆವ್ವ, ಮರ್ಯಾದಸ್ಥ ದೆವ್ವ. ಓದಿ, ಒಪ್ಪಿ, ವಾಪಸು ಹೋಗುತ್ತಿತ್ತು.

ಕೀಯನ್ನು ಲೋಹದ ಡಬ್ಬಿಯಲ್ಲಿಡು ಮಾಮ, ಅಂದ ಹುಡುಗ. ಫ್ಯಾರಡೆ 1836ರಲ್ಲೇ ತೋರಿಸಿಕೊಟ್ಟ ತತ್ತ್ವವಂತೆ. ಫ್ಯಾರಡೆಗೆ ನಮ್ಮ ಅಡುಗೆಮನೆ ಗೊತ್ತಿರಲಿಲ್ಲ. ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಡಬ್ಬಿ ಅಲ್ಲಿ ಇದ್ದದ್ದು ಒಂದೇ, ಅದರಲ್ಲಿ ಇಂಗು. ಡಬ್ಬಿ ಹಿಡಿದು ಕಾರಿನ ಪಕ್ಕ ನಿಂತು ಜಗ್ಗಿದೆ, ತೆರೆಯಲಿಲ್ಲ. ಗೆದ್ದೆ! ವಾರದೊಳಗೆ ಕೀ, ಜೇಬು, ಕೊನೆಗೆ ಸ್ಟಿಯರಿಂಗು, ಎಲ್ಲಕ್ಕೂ ಒಗ್ಗರಣೆಯ ಘಮ. ಆಫೀಸಿನ ಲಿಫ್ಟಿನಲ್ಲಿ ಒಬ್ಬರು "ಯಾರ್ ಸಾರ್ ಪುಳಿಯೋಗರೆ ತಂದಿರೋದು?" ಎಂದು ಕೇಳಿದ ದಿನ ಡಬ್ಬಿ ಬಿಟ್ಟು ಜೆ.ಸಿ. ರಸ್ತೆಗೆ ಹೋದೆ.

ಅಲ್ಲಿ ಗೇರ್ ಲಾಕ್ ಹಾಕಿಸಿದೆ. ಹೆಬ್ಬೆರಳು ಗಾತ್ರದ ಉಕ್ಕಿನ ಕೊಂಡಿ. ಕೀ ತಿರುಗಿಸಿದರೆ 'ಕಟಕ್'. ಅದೇ, ಅಪ್ಪನ ಬೀಗದ್ದೇ ಸದ್ದು. ಹೊಟ್ಟೆ ತಣ್ಣಗಾಯಿತು. ಗೇರು ರಿವರ್ಸ್‌ನಲ್ಲಿ ಸಿಕ್ಕಿಕೊಳ್ಳುವುದರಿಂದ, ಕಳ್ಳ ಕದ್ದರೂ ಹೊಸೂರಿನವರೆಗೆ ಹಿಮ್ಮುಖವಾಗಿಯೇ ಹೋಗಬೇಕು. ಸ್ಟಿಯರಿಂಗಿಗೆ ಹಾಕುವ ಕಬ್ಬಿಣದ ದೊಣ್ಣೆಯನ್ನೂ ನೋಡಿದೆ. ಅಮೆರಿಕದಲ್ಲಿ, ಕೀಯ ಗುರುತು ಕೇಳುವ ಇಮೊಬಿಲೈಸರ್ ಇಲ್ಲದ ಹುಂಡೈ, ಕಿಯಾ ಕಾರುಗಳನ್ನು ಹುಡುಗರು ಯುಎಸ್‌ಬಿ ಕೇಬಲ್ಲಿನ ತುದಿಯಿಂದ ಸ್ಟಾರ್ಟ್ ಮಾಡಿ ಒಯ್ಯತೊಡಗಿದಾಗ, ಕಂಪನಿಗಳು ಪೊಲೀಸರ ಮೂಲಕ ಪುಕ್ಕಟೆ ಹಂಚಿದ್ದು ಇದೇ ದೊಣ್ಣೆಯನ್ನು. ದೊಣ್ಣೆ ಗಟ್ಟಿ, ಆದರೆ ಸ್ಟಿಯರಿಂಗ್ ಚಕ್ರವನ್ನೇ ಗರಗಸದಲ್ಲಿ ಕೊಯ್ದು ದೊಣ್ಣೆ ಕಳಚುವವರಿದ್ದಾರೆ. ಇರಲಿ, ಗಾಜಿನಾಚೆಯಿಂದ ಕಾಣುತ್ತದಲ್ಲ. ಅದರ ಮೇಲೆ 'ನಾಳೆ ಬಾ' ಎಂದು ಬರೆದಿಲ್ಲ, ಅಷ್ಟೇ.

ಆಮೇಲೆ ಅರಸೀಕೆರೆಯ ಬೀಗರೂಟ ಬಂತು. ಕಾರಿನ ಕೀ ನನ್ನ ಜೇಬಿನಲ್ಲಿ. ಗೇರ್ ಲಾಕಿನ ಕೀ, ಎಲ್ಲಾದರೂ ಬೀಳಿಸಿಬಿಡುತ್ತೀರಿ ಎಂಬ ಕಾರಣಕ್ಕೆ, ಹೆಂಡತಿಯ ವ್ಯಾನಿಟಿ ಬ್ಯಾಗಿನಲ್ಲಿ. ಹೆಂಡತಿ ತನ್ನ ತಂಗಿಯ ಕಾರಿನಲ್ಲಿ, ತಂಗಿಯ ಕಾರು ಹಾಸನದ ದಾರಿಯಲ್ಲಿ. ನಾನು ಎರಡನೇ ಪಂಕ್ತಿಯಲ್ಲಿ ಮುದ್ದೆ ನುಂಗಿ, ಎಲೆಅಡಿಕೆ ಹಾಕಿಕೊಂಡು ಛತ್ರದ ಹೊರಗೆ ಬಂದೆ. ಕಾರು ಕನ್ನಡಿ ಬಿಚ್ಚಿ, ದೀಪ ಮಿನುಗಿಸಿ, ಬೀಗರನ್ನು ಬರಮಾಡಿಕೊಂಡ ಹಾಗೆ ಬರಮಾಡಿಕೊಂಡಿತು. ಗುಂಡಿ ಒತ್ತಿದರೆ ಎಂಜಿನ್ ಶುರು, ಏಸಿ ಶುರು, ಹಾಡು ಶುರು. ಗೇರು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಹುಡುಗಿ ಕಡೆಯ ಹಿರಿಯರೊಬ್ಬರು ಕಿಟಕಿಗೆ ಬಗ್ಗಿ, ಸಂಗತಿ ಕೇಳಿ, ಕನಿಕರದಿಂದ "ಹಿಂದಕ್ಕೆ ಹೋಗ್ತದಲ್ಲ, ಹಂಗೇ ಹೋಗ್ಬೋದಲ್ರಾ?" ಅಂದರು.

ಬ್ಯಾಗು ವಾಪಸು ಬರುವ ಹೊತ್ತಿಗೆ ಛತ್ರದವರು ಎಲೆ ಎತ್ತಿ, ನೆಲ ತೊಳೆದು, ಪೆಂಡಾಲೂ ಬಿಚ್ಚಿದ್ದರು.

ಮನೆ ಮುಟ್ಟಿದಾಗ ರಾತ್ರಿ ಹನ್ನೊಂದು. ಗೇರ್ ಲಾಕ್ ಹಾಕಿದೆ, ಇಳಿದೆ, ಕುಯ್ಕ್ ಅನ್ನಿಸಿದೆ, ಗೇಟು ದಾಟಿ ಮೆಟ್ಟಿಲು ಹತ್ತಿದೆ. ಕಟಕ್ ಅಂದಿತ್ತೇ? ಇಣುಕಿ ನೋಡಲು ಮೊಬೈಲ್ ಟಾರ್ಚ್ ಹಿಡಿದು ಕೆಳಗಿಳಿದೆ. ಇನ್ನೂ ಒಂದು ಮಾರು ದೂರವಿರುವಾಗಲೇ ಕಾರು ಕನ್ನಡಿ ಬಿಚ್ಚಿತು.