ಮೊಲಕ್ಕೆ ವಾಂತಿಯಾಯಿತೇ ಎಂದು ಕೇಳಿದ ಡಾಕ್ಟರಿಗೆ

ಮಾನ್ಯ ಡಾಕ್ಟರ್ ಸಾಹೇಬರೇ,

ನಮ್ಮ ಮೊಲವನ್ನು ತಾವು ಪರೀಕ್ಷಿಸಿದ ವೈಖರಿಗೆ ಗುಟ್ಟಾಗಿ ಕೃತಜ್ಞತೆ ಹೇಳಿದರೆ ಸಾಲದೆನಿಸಿ, ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ರಾತ್ರಿಯಿಂದ ಹುಲ್ಲು ಮುಟ್ಟಿಲ್ಲ, ಹಿಕ್ಕೆಯೂ ಹಾಕಿಲ್ಲ ಎಂದೆ. ‘ವಾಂತಿ ಆಯ್ತಾ?’ ಅಂದಿರಿ. ಸ್ವಾಮಿ, ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಒಳಗೆ ಹೋದದ್ದು ಹಿಂಬಾಗಿಲಿನಿಂದಲೇ ಹೊರಬೀಳಬೇಕು. ಆ ದಾರಿ ನಿಂತುಹೋದದ್ದಕ್ಕೇ ತಮ್ಮಲ್ಲಿಗೆ ಓಡಿ ಬಂದದ್ದು. ಇನ್ನೊಮ್ಮೆ ಕೇಳಿದಿರಿ. ಇಲ್ಲ ಅಂದೆ. ‘ಹಾಗಾದ್ರೆ ಸೀರಿಯಸ್ ಏನಿಲ್ಲ ಬಿಡಿ’ ಎಂದು ಅಭಯ ಕೊಟ್ಟಿರಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನೋಡಿದ್ದೆ. ತಾವು ಹಿಡಿದ ಮೊಲ ಪೂರ್ತಿ ನಾಯಿಯೇ ಆಗಿಬಿಟ್ಟಿತು.

‘ಎಷ್ಟು ಕೊಟ್ಟು ತಂದ್ರಿ?’ ಮುನ್ನೂರೈವತ್ತು. ‘ಟ್ರೀಟ್‌ಮೆಂಟ್ ದುಡ್ಡಲ್ಲಿ ನಾಲ್ಕು ಹೊಸಾವು ಬರ್ತಾವಲ್ಲಮ್ಮ!’ ಲೆಕ್ಕ ಸರಿಯಾಗಿದೆ. ನಮ್ಮ ಮಾವನವರಿಗೆ ಆಂಜಿಯೋಪ್ಲಾಸ್ಟಿ ಮಾಡಿಸುವಾಗ ಈ ಲೆಕ್ಕ ಯಾರಿಗೂ ಹೊಳೆಯಲಿಲ್ಲ. ಅವರಂತೂ ಮದುವೆಯ ಜೊತೆ ಬಿಟ್ಟಿಯಾಗಿ ಬಂದವರು.

ಆಮೇಲೆ ಚೀಟಿಯಲ್ಲಿ ಅಮಾಕ್ಸಿಸಿಲಿನ್ ಸಿರಪ್ ಬರೆದಿರಿ. ಮಕ್ಕಳಿಗೂ ನಾಯಿಗೂ ಒಗ್ಗುವ ಈ ಔಷಧ ಬಾಯಿಯ ಮೂಲಕ ಮೊಲದೊಳಕ್ಕೆ ಹೋದರೆ, ಹುಲ್ಲು ಅರಗಿಸಿಕೊಡುವ ಕರುಳಿನ ಬ್ಯಾಕ್ಟೀರಿಯಾ ಸತ್ತು, ವಿಷ ಕಾರುವ ಕ್ಲಾಸ್ಟ್ರಿಡಿಯಂ ಹಬ್ಬಿ, ಮೊಲ ಸಾಯಬಹುದು. ರೋಗವನ್ನೂ ರೋಗಿಯನ್ನೂ ಒಂದೇ ಬಾಟಲಿಯಲ್ಲಿ ಮುಗಿಸುವ ಮಿತವ್ಯಯ ಬೇರೆಲ್ಲಿ ಸಿಕ್ಕೀತು? ಸಾಲದ್ದಕ್ಕೆ, ‘ನಾಳೆ ಸ್ಕ್ಯಾನ್ ಮಾಡೋಣ, ರಾತ್ರಿಯೆಲ್ಲ ಖಾಲಿ ಹೊಟ್ಟೇಲಿಡಿ’ ಅಂದಿರಿ. ತಿನ್ನುತ್ತಿಲ್ಲವೆಂಬುದೇ ನನ್ನ ದೂರು, ಉಪವಾಸವೇ ತಮ್ಮ ಮದ್ದು! 12 ಗಂಟೆ ಏನೂ ತಿನ್ನದ ಮೊಲವೆಂದರೆ ತುರ್ತು ಕೇಸು. ಅದರ ಕರುಳು ನಿಲ್ಲದೆ ಓಡುತ್ತಿರಬೇಕು. ಏಕಾದಶಿ ನಮಗಿರಲಿ.

ಆ ಸಿರಪ್ ಕೊಡಲಿಲ್ಲ. ಅದೇ ರಾತ್ರಿ ಇನ್ನೊಬ್ಬ ಡಾಕ್ಟರು ಮೊಲದ ಬಾಯಿ ತೆರೆಸಿ ನೋಡಿದರು. ಮೊಲದ ಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತದೆ. ಇದರ ದವಡೆ ಹಲ್ಲು ಮೊನಚಾಗಿ ನಾಲಿಗೆಯನ್ನು ಕೊಯ್ಯುತ್ತಿತ್ತು. ನೋವಿಗೆ ಔಷಧ, ಚರ್ಮದಡಿ ಸಲೈನ್, ಸಿರಿಂಜಿನಲ್ಲಿ ಹುಲ್ಲುಪುಡಿಯ ಗಂಜಿ ಕೊಟ್ಟರು. ಚೇತರಿಸಿಕೊಂಡ ಮೇಲೆ ಹಲ್ಲಿನ ಮೊನೆ ತೇಯ್ದು ಸಮ ಮಾಡಿದರು. ತಾವು ಬಾಯಿಯೊಂದನ್ನು ಬಿಟ್ಟು ಮಿಕ್ಕೆಲ್ಲ ನೋಡಿದ್ದಿರಿ, ತಮ್ಮ ಫೋನನ್ನೂ ಸೇರಿಸಿ.

ತಮ್ಮ ಓದೆಲ್ಲ ಹಸು, ಎಮ್ಮೆ, ಕುರಿ, ಕೋಳಿಗಳ ಸುತ್ತಲೇ ಕಳೆದಿರಬಹುದು. ಅದಕ್ಕೆ ನನ್ನ ತಕರಾರಿಲ್ಲ. ‘ಮೊಲ ನನಗೆ ಗೊತ್ತಿಲ್ಲಮ್ಮ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ಯಿರಿ’ ಎಂದಿದ್ದರೂ ಫೀಸು ಕೊಟ್ಟೇ ಹೊರಡುತ್ತಿದ್ದೆ.

ಈಗ ಒಂದೇ ಬಿನ್ನಹ. ತಮ್ಮ ಬೋರ್ಡಿನಲ್ಲಿ ನಾಯಿ, ಬೆಕ್ಕು, ಗಿಳಿಗಳ ಪಕ್ಕ ಒಂದು ಮೊಲದ ಚಿತ್ರವಿದೆ. ಮೊಲದ ಪಾಠ ಓದಿ ಮುಗಿಸುವ ತನಕ ದಯವಿಟ್ಟು ಅದರ ಮೇಲೆ ಬಣ್ಣ ಬಳಿಸಿ. ಪೇಂಟರ್ ಕೂಲಿ ನಾನು ಕೊಡುತ್ತೇನೆ.

ಇಂತಿ,
ಮೊಲದ ಕಡೆಯವಳು